576 ಚೌಕಗಳ ಲಾಂಛನ

ಕೋಟೆಯ ಒಳಕೋಣೆಯಲ್ಲಿರುವ ‘ಎಂಪೀರಿಯಂ’ ಹರಳು ಒಡೆಯಿತೆಂದರೆ ಕೋಟೆ ಕೈಬದಲಾಯಿತೆಂದೇ ಲೆಕ್ಕ. ಅಲ್ಲಿನ ಬಾವುಟಗಳ ಮೇಲೆ ಗೆದ್ದ ತಂಡದ ಲಾಂಛನ ಬಂದು ಕೂರುತ್ತದೆ. ದಕ್ಷಿಣ ಕೊರಿಯಾದ ಗ್ರಾವಿಟಿ ಕಂಪನಿ 2002ರಲ್ಲಿ ಹೊರತಂದ ‘ರಾಗ್ನರಾಕ್ ಆನ್‌ಲೈನ್’ ಆಟದ ಕೋಟೆಕಾಳಗ ನಡೆಯುವುದು ಹೀಗೆ. ಆ ಲೋಕದ ಊರು, ಕತ್ತಿ, ರಾಕ್ಷಸರನ್ನೆಲ್ಲ ಬರೆದವರು ಕಂಪನಿಯ ಕಲಾವಿದರು. ಬಾವುಟದ ಚಿತ್ರ ಮಾತ್ರ ಆಡುವವರದೇ ಕೈಕೆಲಸ.

ಗಿಲ್ಡ್ ಎಂದರೆ ಜೊತೆಯಾಗಿ ಆಡುವವರ ಬಳಗ. ಅದರ ಲಾಂಛನಕ್ಕೆ ಸಿಗುವ ಜಾಗ ಅಡ್ಡ 24, ಉದ್ದ 24 ಪಿಕ್ಸೆಲ್. ಒಟ್ಟು 576 ಚೌಕ. ಬಣ್ಣಗಳು 256ರ ಮಿತಿಯಲ್ಲಿರಬೇಕು. ಬರೆಯಲು ವಿಂಡೋಸ್‌ನ ಪೇಂಟ್ ಸಾಕು. ಬಿಎಂಪಿ ಫೈಲ್ ಮಾಡಿ ಆಟದ ‘ಎಂಬ್ಲೆಮ್’ ಫೋಲ್ಡರಿಗೆ ಹಾಕಿದರೆ, ಗಿಲ್ಡಿನ ಯಜಮಾನ ಅದನ್ನು ಆಯ್ದುಕೊಳ್ಳುತ್ತಾನೆ. ಒಂದು ಬಣ್ಣಕ್ಕೆ ವಿಶೇಷ ಗುಣವಿದೆ: ಕೆಂಪು 255, ಹಸಿರು 0, ನೀಲಿ 255 ಬೆರೆತ ಮೆಜೆಂಟಾ. ಅದನ್ನು ಬಳಿದ ಭಾಗ ಆಟದಲ್ಲಿ ಕಾಣುವುದೇ ಇಲ್ಲ. ಚೌಕದ ಚಿತ್ರ ದುಂಡು ಗುರಾಣಿಯಾಗುವುದು, ರೆಕ್ಕೆ ಬಿಚ್ಚಿದ ಹಕ್ಕಿಯಾಗುವುದು ಈ ಬಣ್ಣದ ದಯೆಯಿಂದ.

ದೊಡ್ಡ ಚಿತ್ರವನ್ನು ಕುಗ್ಗಿಸಿದರೆ ಉಳಿಯುವುದು ಬರೀ ಬಣ್ಣದ ಮಚ್ಚೆ. ಕಸೂತಿಯವರು ಎಳೆ ಎಣಿಸುವಂತೆ ಇಲ್ಲಿ ಚೌಕ ಎಣಿಸಿಯೇ ಬಣ್ಣ ಇಡಬೇಕು. ಕಪ್ಪು ಅಂಚು, ಎರಡು ಮೂರು ಗಾಢ ಬಣ್ಣ, ಒಂದೇ ಆಕೃತಿ ಇದ್ದರೆ ಲಾಂಛನ ಎದ್ದು ಕಾಣುತ್ತದೆ. ಕಾಳಗದಲ್ಲಿ ಅದು ಆಟಗಾರರ ತಲೆಯ ಮೇಲೆಯೇ ತೇಲುವುದರಿಂದ ನಮ್ಮವರು ಯಾರು, ಎದುರಾಳಿ ಯಾರು ಎಂಬುದು ನೋಡಿದೊಡನೆ ತಿಳಿಯಬೇಕು. ಈ ಗುರುತನ್ನು ಮರೆಮಾಡಲೆಂದೇ ಕಿಲಾಡಿಗಳು ಪೂರ್ತಿ ಮೆಜೆಂಟಾ ಬಳಿದು ಕಾಣದ ಲಾಂಛನ ಹಾಕಿಕೊಂಡದ್ದೂ ಉಂಟು. ಇದನ್ನು ತಡೆಯಲು ಆಟದ ಅಭಿಮಾನಿಗಳು ಬರೆದ ಸರ್ವರ್ ತಂತ್ರಾಂಶದಲ್ಲಿ ಪಾರದರ್ಶಕ ಭಾಗಕ್ಕೆ ಮಿತಿ ಹಾಕುವ ಸೌಲಭ್ಯವೇ ಇದೆ.

‘ಲೀನಿಯೇಜ್ 2’ ಎಂಬ ಆಟ ಇನ್ನೂ ಜಿಪುಣ: ಅಲ್ಲಿ ಬಳಗದ ಗುರುತಿಗೆ ಅಡ್ಡ 16, ಉದ್ದ 12 ಪಿಕ್ಸೆಲ್ ಅಷ್ಟೇ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬೇರೆ ದಾರಿ ಹಿಡಿಯಿತು. ಕಂಪನಿ ಕೊಟ್ಟ ಚಿಹ್ನೆ, ಅಂಚು, ಬಣ್ಣಗಳನ್ನು ಜೋಡಿಸಿಕೊಂಡು ಮೇಲಂಗಿಯ ಮೇಲೆ ಧರಿಸಬೇಕು. ಅಶ್ಲೀಲ ಚಿತ್ರದ ಭಯವಿಲ್ಲ, ಒರಟು ಗೆರೆಯೂ ಇಲ್ಲ. ಆದರೆ ಎರಡು ಬಳಗಗಳು ಒಂದೇ ಜೋಡಣೆ ಆರಿಸಿಕೊಂಡರೆ ಮೇಲಂಗಿಗಳೂ ಒಂದೇ.

ರಾಗ್ನರಾಕ್‌ನ ಆಟಗಾರರು ಬರೆದ ಸೊಟ್ಟ ಸಿಂಹಕ್ಕೆ ಆ ಮೇಲಂಗಿಗಳ ಅಂದವಿಲ್ಲದಿರಬಹುದು. ಅದರ ಬಾಲ ಎತ್ತ ತಿರುಗಬೇಕೆಂದು ತೀರ್ಮಾನಿಸಿದವರು ಮಾತ್ರ ಅದೇ ಬಾವುಟದಡಿ ಕಾದಾಡುವವರು. ಕೋಟೆ ಗೆದ್ದಾಗ ಅವರಿಗೆ ಹೆಮ್ಮೆ ಎರಡು ಪಟ್ಟಾಗುವುದು ಸಹಜವೇ.