ಗೇಟಿನಿಂದ ಪೋರ್ಟಿಕೋವರೆಗೆ

ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಕೈಯಲ್ಲಿನ ಹಣವೂ ಮುಗಿದಿರುತ್ತದೆ. ಗೇಟಿನಿಂದ ಪೋರ್ಟಿಕೋವರೆಗಿನ ಕಾರಿನ ಹಾದಿಗೆ ಏನು ಹಾಸಬೇಕೆಂಬ ಪ್ರಶ್ನೆ ಏಳುವುದು ಆಗಲೇ. "ಪೂರ್ತಿ ಕಾಂಕ್ರೀಟ್ ಹಾಕಿಬಿಡಿ" ಎಂದು ಮೇಸ್ತ್ರಿಗೆ ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ಹಾಗೆ ಹೇಳುವ ಮುನ್ನ ತುಸು ಯೋಚಿಸಿರಿ. ಈ ನೆಲ ಕಾರಿನ ಭಾರವನ್ನು ಹೊರಬೇಕು; ಮಳೆಯ ನೀರಿಗೂ ದಾರಿ ಕೊಡಬೇಕು.

ಹತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಜಾಗದ ಮೇಲೆ ಒಂದು ಅಂಗುಲ ಮಳೆ ಸುರಿದರೆ ಸುಮಾರು ೭೦೦ ಲೀಟರ್ ನೀರಾಗುತ್ತದೆ. ನೆಲವೆಲ್ಲ ಕಾಂಕ್ರೀಟಾದರೆ ಆ ನೀರು ಚರಂಡಿಯ ಪಾಲು. ನಿಮ್ಮ ಬಾವಿಗಾಗಲಿ, ತೆಂಗಿನ ಮರಕ್ಕಾಗಲಿ ಅದು ದಕ್ಕದು.

ಕಾಂಕ್ರೀಟಿಗೆ ಅದರದೇ ಗುಣಗಳುಂಟು. ನಾಲ್ಕು ಅಂಗುಲ ದಪ್ಪ ಹಾಕಿ, ಎಂಟು-ಹತ್ತು ಅಡಿಗೊಂದು ಸಂದು ಬಿಟ್ಟು, ಕನಿಷ್ಠ ಏಳು ದಿನ ಒದ್ದೆಯಾಗಿಟ್ಟರೆ ಬಹುಕಾಲ ಬಾಳುತ್ತದೆ. ಆದರೆ ಕೆಳಗಿನ ನೀರಿನ ಪೈಪು ಒಡೆದರೆ ಅಗೆಯದೆ ವಿಧಿಯಿಲ್ಲ. ಇಂಟರ್‌ಲಾಕ್ ಇಟ್ಟಿಗೆಗೆ ಆ ತೊಡಕಿಲ್ಲ; ತೆಗೆದು ಮತ್ತೆ ಜೋಡಿಸಬಹುದು. ಕಾರಿಗೆ ೬೦ ಮಿಲಿಮೀಟರ್ ದಪ್ಪದವು ಸಾಕು. ಅಂಚಿಗೆ ಗಟ್ಟಿ ಕಟ್ಟು ಹಾಕದಿದ್ದರೆ ಮಾತ್ರ ಸಾಲುಗಳು ಸರಿಯುತ್ತವೆ. ಶಹಾಬಾದ್ ಕಲ್ಲು ಕಣ್ಣಿಗೆ ಚೆನ್ನ. ಆದರೆ ತೆಳುವಾದ ಹಾಸಿನ ಅಡಿ ಟೊಳ್ಳಿದ್ದರೆ ಚಕ್ರದ ಭಾರಕ್ಕೆ ಬಿರಿಯುತ್ತದೆ. ಪಾಲಿಶ್ ಮಾಡಿದ್ದಾದರೆ ಮಳೆಯಲ್ಲಿ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅದು ಬೇಡ.

ಸಣ್ಣ ಅಂಗಳಕ್ಕೆ ಇನ್ನೊಂದು ಉಪಾಯವುಂಟು. ಚಕ್ರ ಉರುಳುವ ಕಡೆ ಮಾತ್ರ ಎರಡೆರಡು ಅಡಿ ಅಗಲದ ಎರಡು ಪಟ್ಟಿಗಳಲ್ಲಿ, ಒರಟು ಮೈಯ ದಪ್ಪ ಚಪ್ಪಡಿ ಕಲ್ಲು ಹಾಸಿರಿ. ಉಳಿದೆಡೆ ಹುಲ್ಲು ಬೆಳೆಯಲಿ. ಹತ್ತಡಿಯಲ್ಲಿ ಆರಡಿ ನೆಲ ನೀರು ಕುಡಿಯುತ್ತದೆ. ಕಲ್ಲಿನ ಖರ್ಚೂ ಅರ್ಧಕ್ಕಿಂತ ಕಡಿಮೆ.

ಯಾವುದನ್ನೇ ಆರಿಸಿದರೂ ಬಾಳಿಕೆ ಇರುವುದು ಅಡಿಪಾಯದಲ್ಲಿ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುತ್ತದೆ. ಅಂಥ ಮಣ್ಣನ್ನು ತೆಗೆಸಿ, ಗರಸು ಮತ್ತು ಜಲ್ಲಿ ತುಂಬಿ, ನೀರು ಹಾಕಿ ಬಡಿದು ಗಟ್ಟಿಮಾಡಿಸಿರಿ. ಇಳಿಜಾರು ಗೋಡೆಯಿಂದ ಹೊರಮುಖವಾಗಿ, ಅಡಿಗೆ ಕಾಲು ಅಂಗುಲದಂತೆ ಇರಲಿ. ಮೂವತ್ತು ಅಡಿಗೆ ಏಳೂವರೆ ಅಂಗುಲ. ಸಾಧ್ಯವಾದರೆ ಅದರ ತುದಿಯಲ್ಲಿ ಒಂದು ಇಂಗುಗುಂಡಿ ತೋಡಿಸಿರಿ.

ಮೇಸ್ತ್ರಿಯನ್ನು ಕರೆಸುವ ಮೊದಲು ಒಂದು ಜೋರು ಮಳೆಯ ದಿನ ಜಗಲಿಯಲ್ಲಿ ನಿಂತು, ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿಟ್ಟುಕೊಳ್ಳಿರಿ.