ಊಟವಾದ ಮೇಲಿನ ನಾಲ್ಕು ಗಂಟೆ

ಹಬ್ಬದ ಊಟ ಮುಗಿದಿದೆ. ಒಬ್ಬಟ್ಟಿನ ಮೇಲೆ ಧಾರಾಳವಾಗಿ ತುಪ್ಪ, ಜೊತೆಗೆ ಕರಿದ ಆಂಬೊಡೆ, ಕೊನೆಗೆ ಕೆನೆಮೊಸರು. ಮನೆಯ ಯಜಮಾನರು ತಾಂಬೂಲ ಮೆಲ್ಲುತ್ತ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಾರೆ. ಅವರ ಪಾಲಿಗೆ ಊಟ ಮುಗಿಯಿತು. ಅವರ ರಕ್ತದ ಪಾಲಿಗೆ ಅದು ಈಗ ತಾನೇ ಆರಂಭವಾಗಿದೆ.

ಕೆಲ ಗಂಟೆಗಳ ಬಳಿಕ ಅವರ ರಕ್ತವನ್ನು ತೆಗೆದು, ಅದರ ಕಣಗಳನ್ನು ಬೇರ್ಪಡಿಸಿ ನೋಡಿದರೆ, ತಿಳಿಹಳದಿಯಾಗಿರಬೇಕಾದ ದ್ರವ ಹಾಲು ಬೆರೆತಂತೆ ಮಸುಕಾಗಿ ಕಾಣಬಹುದು. ಕರುಳು ಹೀರಿಕೊಂಡ ಜಿಡ್ಡು ಸೂಕ್ಷ್ಮ ಹನಿಗಳಾಗಿ ರಕ್ತವನ್ನು ಸೇರಿರುವುದೇ ಇದಕ್ಕೆ ಕಾರಣ. ಟ್ರೈಗ್ಲಿಸರೈಡ್ ಎಂಬ ಈ ಕೊಬ್ಬು ಸುಮಾರು 3-4 ಗಂಟೆಗಳಲ್ಲಿ ಅತ್ಯಧಿಕ ಮಟ್ಟಕ್ಕೇರುತ್ತದೆ. ಇಳಿಯಲು 6ರಿಂದ 8 ಗಂಟೆ ಬೇಕು. ಅಷ್ಟರಲ್ಲಿ ಸಂಜೆಯ ಬೋಂಡ ತಟ್ಟೆಗೆ ಬಂದಿರುತ್ತದೆ!

ಇದರಿಂದ ಹಾನಿಯೇನು? 1997ರಲ್ಲಿ ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾನಿಲಯದ ವೈದ್ಯರು ಆರೋಗ್ಯವಂತರಾದ 10 ಜನರಿಗೆ ಒಂದು ದಿನ 50 ಗ್ರಾಂ ಕೊಬ್ಬಿದ್ದ ಉಪಾಹಾರವನ್ನೂ, ಇನ್ನೊಂದು ದಿನ ಅಷ್ಟೇ ಶಕ್ತಿಯ, ಆದರೆ ಕೊಬ್ಬಿಲ್ಲದ ಉಪಾಹಾರವನ್ನೂ ಕೊಟ್ಟರು. ಕೊಬ್ಬಿನ ಉಪಾಹಾರದ ಅನಂತರ, ತೋಳಿನ ರಕ್ತನಾಳ ಹಿಗ್ಗುವ ಸಾಮರ್ಥ್ಯ ಹೆಚ್ಚುಕಡಮೆ ಅರ್ಧಕ್ಕಿಳಿದು, 4 ಗಂಟೆಗಳಾದರೂ ಚೇತರಿಸಿಕೊಂಡಿರಲಿಲ್ಲ. ಕೊಬ್ಬಿಲ್ಲದ ದಿನ ಹಾಗಾಗಲಿಲ್ಲ.

ಗಾಯವಾದ ಬೆರಳು ಕೆಂಪೇರಿ ಊದುವುದನ್ನು ಎಲ್ಲರೂ ಬಲ್ಲರು. ಅಂತಹುದೇ ಉರಿಯೂತ, ನೋವಿಲ್ಲದೆ, ಸದ್ದಿಲ್ಲದೆ ರಕ್ತನಾಳದ ಒಳಪದರದಲ್ಲಿಯೂ ನಡೆಯಬಲ್ಲುದು. ಜಿಡ್ಡಿನ ಊಟದ ಬಳಿಕ ಬಿಳಿಯ ರಕ್ತಕಣಗಳು ಕೆರಳುತ್ತವೆ. ಇಂಟರ್‌ಲ್ಯೂಕಿನ್-6 ಎಂಬ ಸೂಚಕವಸ್ತು ಏರುವುದನ್ನು ಅನೇಕ ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಯಕೃತ್ತು ತಯಾರಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಒಂದೇ ಊಟಕ್ಕೆ ಅಷ್ಟಾಗಿ ಕದಲದು. ಅದು ದೀರ್ಘಕಾಲದ ಉರಿಯೂತದ ಲೆಕ್ಕಪುಸ್ತಕ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಮೆಯಿದ್ದರೆ ಹೃದಯಕ್ಕೆ ಅಪಾಯ ಕಡಮೆ, 3ನ್ನು ಮೀರಿದರೆ ಹೆಚ್ಚು ಎಂಬುದು ವೈದ್ಯರ ಅಳತೆಗೋಲು. ಆದರೆ ಜ್ವರ, ಸೋಂಕುಗಳಲ್ಲಿಯೂ ಅದು ಏರುವುದರಿಂದ, ಒಂದೇ ಪರೀಕ್ಷೆಯನ್ನು ನೋಡಿ ಹೆದರಬೇಕಾಗಿಲ್ಲ.

ನಾವು ಅಲಕ್ಷಿಸುವ ಸಂಗತಿ ಬೇರೆಯೇ ಇದೆ. ಬೆಳಗಿನ ಬರಿಹೊಟ್ಟೆಯ ರಕ್ತಪರೀಕ್ಷೆ 'ಎಲ್ಲವೂ ಸರಿ' ಎಂದೊಡನೆ ನಾವು ನಿಶ್ಚಿಂತರಾಗುತ್ತೇವೆ. ಆದರೆ ದಿನದ ಬಹುಭಾಗವನ್ನು ನಾವು ಕಳೆಯುವುದು ಉಂಡ ಹೊಟ್ಟೆಯಲ್ಲಿಯೇ ಅಲ್ಲವೆ? ಊಟದ ಅನಂತರದ ಗಂಟೆಗಳಲ್ಲಿಯೇ ರಕ್ತನಾಳಗಳು ಕೆಡುತ್ತಿರಬಹುದೆಂದು ಡೊನಾಲ್ಡ್ ಜಿಲ್ವರ್‌ಸ್ಮಿಟ್ ಎಂಬ ವಿಜ್ಞಾನಿ 1979ರಲ್ಲಿಯೇ ಸೂಚಿಸಿದ್ದರು. ನಮಗಂತೂ ಈ ಮಾತು ಮುಖ್ಯ. 2007ರಲ್ಲಿ ಪ್ರಕಟವಾದ ಅನೇಕ ದೇಶಗಳ ಅಧ್ಯಯನವೊಂದರಲ್ಲಿ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯದವರಲ್ಲಿ 53. ಇತರರಲ್ಲಿ ಸುಮಾರು 59.

ಹಾಗೆಂದು ಹಬ್ಬದ ಒಬ್ಬಟ್ಟನ್ನು ಬಿಡಬೇಕೆ? ಬೇಡ. ಹಬ್ಬ ವರ್ಷಕ್ಕೆ ಕೆಲವೇ ದಿನ; ಪ್ರತಿದಿನವನ್ನೂ ಹಬ್ಬ ಮಾಡಿಕೊಳ್ಳುವುದೇ ತಪ್ಪು. ಹಿಂದಿನ ಸಂಜೆ ಸಾಕಷ್ಟು ಹೊತ್ತು ಚುರುಕಾಗಿ ನಡೆದವರಲ್ಲಿ ಮರುದಿನದ ಊಟದ ಕೊಬ್ಬು ರಕ್ತದಲ್ಲಿ ಅಷ್ಟು ಏರದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಆದ್ದರಿಂದ ಗೃಹಿಣಿಯರು ನಾಳೆಯ ಹೂರಣಕ್ಕೆ ಬೇಳೆ ಆರಿಸುವಾಗಲೇ ಯಜಮಾನರನ್ನು ವಾಯುವಿಹಾರಕ್ಕೆ ಹೊರಡಿಸುವುದು ಲೇಸು. ಸಾಧ್ಯವಾದರೆ ಬೇಳೆಯನ್ನು ಬದಿಗಿಟ್ಟು ತಾವೂ ಜೊತೆಗೆ ಹೊರಡುವುದು ಇನ್ನೂ ಲೇಸು.