ಅಳಿಸಿಹೋದ ಆರು ನಿಮಿಷ

ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೇನನ್ನೂ ರೆಕಾರ್ಡ್ ಮಾಡಲು ಬರುವುದಿಲ್ಲ. ನಮ್ಮ ಅಜ್ಜ ತನ್ನ ಎಲ್ಲ ಕ್ಯಾಸೆಟ್ಟುಗಳ ತುಂಡನ್ನೂ ಮುರಿದಿಟ್ಟಿದ್ದ. ಮುರಿದ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂದು ನನಗೆ ಹೇಳಿಕೊಟ್ಟವನು ದೊಡ್ಡಪ್ಪನ ಮಗ.

ಅದು 2008ರ ಡಿಸೆಂಬರ್. ನಾನು ಐದನೇ ಇಯತ್ತೆ. ಸಾಲಿಯ ಗ್ಯಾದರಿಂಗಿಗೆ ‘ಗಾಳಿಪಟ’ ಸಿನಿಮಾದ ಹಾಡಿಗೆ ನಮ್ಮ ಡಾನ್ಸ್ ಇತ್ತು. ಪ್ರಾಕ್ಟೀಸಿಗೆ ಹಾಡು ಬೇಕು, ಖಾಲಿ ಕ್ಯಾಸೆಟ್ ಇಲ್ಲ. ಅಜ್ಜನ ಟ್ರಂಕಿನಿಂದ ಒಂದನ್ನು ತೆಗೆದೆವು, ಸೆಲ್ಲೋಟೇಪ್ ಹಚ್ಚಿದೆವು. ಟೀವಿಯಲ್ಲಿ ಹಾಡು ಬಂದ ಕೂಡಲೇ ಟೇಪ್ ರೆಕಾರ್ಡರನ್ನು ಅದರ ಸ್ಪೀಕರಿಗೆ ಒತ್ತಿ ಹಿಡಿದು ಕೆಂಪು ಗುಂಡಿ ಒತ್ತಿದೆವು. ನಮ್ಮ ಡಾನ್ಸಿಗೆ ಎರಡನೇ ಬಹುಮಾನ ಬಂತು. ಕ್ಯಾಸೆಟ್ಟನ್ನು ಇದ್ದ ಜಾಗದಲ್ಲೇ ಇಟ್ಟು ಮರೆತೆವು.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು ತೀರಿಕೊಂಡರು. ಆ ರಾತ್ರಿ ಅಜ್ಜ ಟ್ರಂಕು ತೆಗೆದ. ಒಂದು ಕ್ಯಾಸೆಟ್ ಹುಡುಕಿ ಹಚ್ಚಿದ. ಅದರ ಮೇಲೆ ಅವನದೇ ಅಕ್ಷರ: ‘ಕುಂದಗೋಳ, ಗಂಗೂಬಾಯಿ, ಭೈರವ, ನಸುಕು’. ಮೊದಲ ಬದಿ ಮುಗಿಯಿತು. ತಿರುವಿ ಹಾಕಿದ. ಅರ್ಧಕ್ಕೆ ಬಂದಿರಬೇಕು, ಆ ಗಂಭೀರ ದನಿ ಕತ್ತರಿಸಿದ ಹಾಗೆ ನಿಂತು ಸಿನಿಮಾ ಹಾಡು ಶುರುವಾಯಿತು. ಅಜ್ಜ ಕೂಡಲೇ ಬಂದ್ ಮಾಡಿದ. ನಾನು ಬಾಗಿಲ ಹಿಂದೆ ನಿಂತಿದ್ದೆ.

‘ಇರ್ಲಿ ಬಿಡವಾ, ಸಣ್ಣಾಕಿ ನೀ’ ಎಂದ, ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಮರುದಿನದಿಂದ ಟ್ರಂಕಿಗೆ ಕೀಲಿ ಬಿತ್ತು. ಆ ಕ್ಯಾಸೆಟ್ಟನ್ನು ಮನೆಯಲ್ಲಿ ಮತ್ತೆ ಯಾರೂ ಹಚ್ಚಲಿಲ್ಲ.

ಟ್ರಂಕಿನೊಳಗೆ ಏನಿತ್ತು?

ಅಜ್ಜ 2017ರಲ್ಲಿ ಹೋದ. ಕೀಲಿ ತೆಗೆದದ್ದು 2020ರ ಲಾಕ್‌ಡೌನಿನಲ್ಲಿ, ಮಾಡಲು ಬೇರೆ ಕೆಲಸವಿಲ್ಲದಾಗ. 71 ಕ್ಯಾಸೆಟ್ಟುಗಳಿದ್ದವು. ಕೆಲವು ಆಕಾಶವಾಣಿಯಿಂದ ಇಳಿಸಿಕೊಂಡದ್ದು. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು, ಅಜ್ಜನ ತಲೆಮಾರಿನವರಿಗೆ ಅದೇ ಗುರುಕುಲ. ಉಳಿದವು ಮೈಫಿಲುಗಳು: ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿ, ಗಂಗೂಬಾಯಿ. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ ಒಂದೂ ಇರಲಿಲ್ಲ.

ನನಗೆ ಆಗ ಅರ್ಥವಾಗಿರಲಿಲ್ಲ. ಇವರೆಲ್ಲರ ಹಾಡು ಅಂಗಡಿಯಲ್ಲೇ ಸಿಗುವಾಗ ಕೆಮ್ಮು, ಸೀನು, ಲೈಟು ಹೋದ ಗದ್ದಲ ಎಲ್ಲ ತುಂಬಿದ ಈ ಟೇಪು ಯಾಕೆ?

ಲೆಕ್ಕ ಹಾಕಿ ನೋಡಿ. 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ‘ಗಾಂಧಾರಿ ಹುಬಳಿ’ ಎಂಬ ಹೆಸರಿನಲ್ಲಿ ಗಂಗೂಬಾಯಿಯವರ ಪ್ಲೇಟುಗಳನ್ನು ತಂದಾಗ ಅವರ ದನಿ ತೆಳ್ಳಗೆ, ಎತ್ತರದಲ್ಲಿತ್ತು. ಮುಂದೆ ಗಂಟಲ ಚಿಕಿತ್ಸೆಯಾದ ಮೇಲೆ ನಾವು ಕೇಳಿದ ಆ ಘನವಾದ ದನಿ ಬಂತು. ಒಂದು ತಾಸು ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಮಡಚಿ ಇಡಬೇಕಿತ್ತು. ಮುಂದೆ ದೊಡ್ಡ ರೆಕಾರ್ಡು ಬಂದರೂ ಸ್ಟುಡಿಯೋದಲ್ಲಿ ಎದುರಿಗೆ ಕೇಳುವವರಿಲ್ಲ. ಮೈಫಿಲಿನಲ್ಲಿ ಹಾಗಲ್ಲ. ಯಾರೋ ‘ವ್ಹಾ’ ಎಂದ ಕೂಡಲೇ ಹಾಡುವವರಿಗೆ ಹುರುಪು ಬಂದು ಅದೇ ಜಾಗವನ್ನು ಇನ್ನೊಂದು ದಾರಿಯಿಂದ ಮುಟ್ಟುತ್ತಾರೆ. ಅದೇ ರಾಗ, ಅದೇ ಚೀಜು, ಆದರೆ ಎರಡು ರಾತ್ರಿ ಒಂದೇ ಥರ ಇರುವುದಿಲ್ಲ. ಅಜ್ಜ ಕೂಡಿಸಿಟ್ಟದ್ದು ಹಾಡುಗಳನ್ನಲ್ಲ, ರಾತ್ರಿಗಳನ್ನು.

ಕೆಲಸ ಸುಲಭವಿರಲಿಲ್ಲ. ನಮ್ಮೂರ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಅರ್ಧದಷ್ಟು ಟೇಪಿನ ಅಂಚಿಗೆ ಬಿಳಿ ಬೂಸು ಹಿಡಿದಿತ್ತು. ಹಳೆಯ ಡೆಕ್ ಒಂದನ್ನು ರಿಪೇರಿ ಮಾಡಿಸಿ, ಬೆಲ್ಟ್ ಬದಲಿಸಿ, ಹೆಡ್ಡನ್ನು ಸ್ಪಿರಿಟ್‌ನಿಂದ ಒರೆಸಿ ಶುರುಮಾಡಿದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಅವಸರ ನಡೆಯುವುದಿಲ್ಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಬೇಕೇ ಬೇಕು. 100 ತಾಸಿಗೂ ಹೆಚ್ಚು ಹೊತ್ತು ಒಬ್ಬಳೇ ಕೂತು ಕೇಳಿದೆ. ಸಂಗೀತ ಬಾರದ ನಾನು ಸಂಗೀತ ಕೇಳಲು ಕಲಿತದ್ದು ಹೀಗೆ.

ಕಂಪ್ಯೂಟರ್ ಓದಿದ್ದು ಒಂದು ಕಡೆ ಉಪಯೋಗಕ್ಕೆ ಬಂತು. ಬ್ಯಾಟರಿ ಇಳಿದ ಟೇಪ್ ರೆಕಾರ್ಡರ್ ನಿಧಾನ ಓಡುತ್ತದೆ. ಹಾಗೆ ರೆಕಾರ್ಡ್ ಆದದ್ದನ್ನು ಸರಿಯಾದ ವೇಗದಲ್ಲಿ ಹಚ್ಚಿದರೆ ದನಿ ಏರುತ್ತದೆ. ನಿಜವಾದ ಸ್ವರ ಯಾವುದೆಂದು ತಿಳಿಯುವುದು ಹೇಗೆ? ಹಳೆಯ ರೆಕಾರ್ಡಿಂಗುಗಳಲ್ಲಿ ಮೈಕು, ಆಂಪ್ಲಿಫೈಯರುಗಳಿಂದ ಬರುವ ಕರೆಂಟಿನ ‘ಗುಂಯ್’ ಸದ್ದು ಸಣ್ಣಗೆ ಇದ್ದೇ ಇರುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಕಂಪ್ಯೂಟರಿನಲ್ಲಿ ಆ ಗುಂಯ್ 52 ತೋರಿಸಿದರೆ ಟೇಪು ಶೇ 4ರಷ್ಟು ಜೋರಾಗಿ ಓಡುತ್ತಿದೆ ಎಂದರ್ಥ. ಅಷ್ಟು ಇಳಿಸಿ, ಹಾರ್ಮೋನಿಯಂ ಸ್ವರಕ್ಕೆ ತಾಳೆ ನೋಡಿದರೆ ಮನ್ಸೂರರ ದನಿ ಮತ್ತೆ ಮನ್ಸೂರರದೇ ಆಗುತ್ತದೆ.

ಸಪ್ತಾಪುರದ ಕಾಕಾ

ತಬಲಾ ಕಲಿಯುವ ಗೆಳತಿಯೊಬ್ಬಳು ಸಪ್ತಾಪುರದ ಕಾಕಾ ಒಬ್ಬರ ಹತ್ತಿರ ಕರೆದೊಯ್ದಳು. ನಿವೃತ್ತ ನೌಕರರು. ಮೂರು ಕಪಾಟು ತುಂಬ ಕ್ಯಾಸೆಟ್ಟು, ಜೊತೆಗೆ ಹಾಳೆ ಹಳದಿಯಾದ ನಾಲ್ಕು ನೋಟ್‌ಬುಕ್ಕು. ಊರು, ಯಾರ ಮನೆ, ತಬಲಾ ಯಾರದು, ಟೇಪು ಯಾರಿಂದ ಬಂತು, ಎಷ್ಟನೇ ಕಾಪಿ, ಎಲ್ಲ ಬರೆದಿಟ್ಟಿದ್ದಾರೆ. ಕಾಪಿಯ ಲೆಕ್ಕ ಮುಖ್ಯ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಂತೆಲ್ಲ ಮರಳು ಸುರಿದಂಥ ಸದ್ದು ಹೆಚ್ಚುತ್ತ ಹೋಗಿ, ನಾಲ್ಕನೇ ಕಾಪಿಯ ಹೊತ್ತಿಗೆ ಹಾಡು ಪಕ್ಕದ ಮನೆಯಿಂದ ಕೇಳಿದ ಹಾಗಿರುತ್ತದೆ.

ನನ್ನ ತಪ್ಪನ್ನು ಹೇಳಿಕೊಂಡೆ. ಕಾಕಾ ನಗಲಿಲ್ಲ, ಬೈಯಲೂ ಇಲ್ಲ. ‘ಹಚ್ಚು ನೋಡೋಣ’ ಎಂದರು.

ಕುಂದಗೋಳ ಹುಬ್ಬಳ್ಳಿಯಿಂದ ರೈಲಿನಲ್ಲಿ ತೀರ ಹತ್ತಿರ. ಗಂಗೂಬಾಯಿ ರೈಲಿನಲ್ಲೇ ಅಲ್ಲಿಗೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. 1952ರಲ್ಲಿ ಗುರುಗಳು ಹೋದ ಮೇಲೆ ಅವರ ಪುಣ್ಯತಿಥಿಗೆಂದು ನಾಡಗೀರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಗಂಗೂಬಾಯಿ ವರ್ಷ ವರ್ಷ ಅಲ್ಲಿ ಹಾಡಿದವರು. ಹಾಗಾಗಿ ‘ಕುಂದಗೋಳ, ನಸುಕು’ ಎಂದಷ್ಟೇ ಬರೆದರೆ ಯಾವ ವರ್ಷವೂ ಆಗಬಹುದು.

ಕಾಕಾ ಕಣ್ಣು ಮುಚ್ಚಿ ಕೇಳಿದರು. ‘ಹಿಂದ ಕೃಷ್ಣಾಬಾಯಿ ದನಿ ಐತಿ’ ಎಂದರು. ಗಂಗೂಬಾಯಿಯವರ ಮಗಳು ಕೃಷ್ಣಾ ತೀರಿಕೊಂಡದ್ದು 2004ರಲ್ಲಿ. ಹಾಗಾದರೆ ಅದಕ್ಕಿಂತ ಹಿಂದಿನದು. ಸ್ವಲ್ಪ ಹೊತ್ತಿಗೆ ಟೇಪಿನಲ್ಲಿ ಸ್ಟೀಲ್ ಲೋಟವೊಂದು ಬಿದ್ದು ಉರುಳಿದ ಸದ್ದು, ಅದರ ಹಿಂದೆಯೇ ಮಗುವಿನ ಅಳು. ‘ಇದ ನೋಡು ಗುರುತು. ಆಗ ವಾಡೇದಾಗ ನಾಲ್ಕೈದು ಟೇಪ್ ರೆಕಾರ್ಡರ್ ಇರ್ತಿದ್ವು. ಆ ಲೋಟದ ಸಪ್ಪಳ ಯಾರ ಟೇಪಿನ್ಯಾಗ ಐತಿ, ಅವರ ಹತ್ರ ನಿನ್ನ ಆರು ನಿಮಿಷಾನೂ ಐತಿ.’

ಒಂದೇ ಮೈಫಿಲನ್ನು ಇಬ್ಬರು ಹಿಡಿದಿದ್ದರೆ ಇಬ್ಬರೂ ಕ್ಯಾಸೆಟ್ ತಿರುವುವ ಹೊತ್ತು ಬೇರೆ ಬೇರೆ ಇರುತ್ತದೆ. ಒಬ್ಬರಿಗೆ ತಪ್ಪಿದ ತಾನು ಇನ್ನೊಬ್ಬರಲ್ಲಿ ಸಿಗುತ್ತದೆ. ಎರಡನ್ನೂ ಕೂಡಿಸಿದರೆ ರಾತ್ರಿ ಇಡಿಯಾಗುತ್ತದೆ.

ಅಂದಿನಿಂದ ನಾವು ಹುಡುಕುತ್ತಲೇ ಇದ್ದೇವೆ. ಹುಬ್ಬಳ್ಳಿ, ಗದಗ, ಬೆಳಗಾವಿ ಆಯಿತು. ಹುಬ್ಬಳ್ಳಿಯ ಒಂದು ಮನೆಯಲ್ಲಿ ‘ಕುಂದಗೋಳ ಭೈರವ’ ಎಂದು ಬರೆದ ಕ್ಯಾಸೆಟ್ ಸಿಕ್ಕಾಗ ನನ್ನ ಕೈ ನಡುಗಿತ್ತು. ಯಜಮಾನರು, ‘ಇಲ್ಲೇ ಕೂತು ಕೇಳ್ರಿ, ಕಾಪಿ ಕೊಡೂದಿಲ್ಲ’ ಎಂದರು. ಕೇಳಿದೆವು. ಲೋಟ ಬೀಳಲಿಲ್ಲ. ಅದು ಬೇರೆ ವರ್ಷದ್ದು. ಹೊರಗೆ ಬಂದ ಮೇಲೆ ಕಾಕಾ, ‘ತನ್ನ ಹತ್ರ ಮಾತ್ರ ಐತಿ ಅನ್ನೂದರಾಗ ಒಂದು ಸುಖ ಐತಿ, ನನಗೂ ಇತ್ತು. ಆದ್ರ ಒಬ್ಬನ ಹತ್ರ ಮಾತ್ರ ಇದ್ದದ್ದು ಒಂದ ಮಳಿಗೆ ಹೋಗ್ತದ ತಂಗಿ’ ಎಂದರು.

ದೂರದ ಸೋದರರು

ಇಂಥ ಹುಚ್ಚು ನಮ್ಮೂರಿಗಷ್ಟೇ ಅಂದುಕೊಂಡಿದ್ದೆ. ಆಮೇಲೆ ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಬಗ್ಗೆ ಓದಿದೆ. 1965ರಿಂದ 1995ರವರೆಗೆ ಅವರು ಸುಮಾರು 2,300 ಕಾರ್ಯಕ್ರಮ ಕೊಟ್ಟರು. ನಮ್ಮವರ ಹಾಗೆ ಅವರೂ ಒಂದೇ ಹಾಡನ್ನು ಪ್ರತಿ ರಾತ್ರಿ ಬೇರೆ ಬೇರೆ ಥರ ಬೆಳೆಸುವವರು. ಅಭಿಮಾನಿಗಳು ಮೈಕು ಹೊತ್ತು ಬರತೊಡಗಿದಾಗ ತಂಡ ಅವರನ್ನು ಓಡಿಸಲಿಲ್ಲ. 1984ರಲ್ಲಿ ಅವರಿಗೆಂದೇ ಬೇರೆ ಜಾಗ ಮಾಡಿಕೊಟ್ಟಿತು. ನಿಯಮ ಒಂದೇ: ಹಂಚಿಕೊಳ್ಳಿ, ಮಾರಬೇಡಿ.

ಅವರದೇ ಧ್ವನಿ ವಿಭಾಗದ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬಾಕೆ ಮಾಡಿದ ಅದ್ಭುತ ರೆಕಾರ್ಡಿಂಗುಗಳು ಬಾಡಿಗೆ ಗೋದಾಮಿನಲ್ಲಿದ್ದವು. ಆಕೆಗೆ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಎಲ್ಲ ಹರಾಜಾದವು. ಕೊಂಡವರು, ಅಭಿಮಾನಿಗಳು ಸೇರಿ ಎಷ್ಟನ್ನೋ ಉಳಿಸಿದರು. ಆಕೆ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹಿಡಿದ ಕಾರ್ಯಕ್ರಮವನ್ನು 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಮಹತ್ವದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ನಮ್ಮ ಟ್ರಂಕುಗಳಲ್ಲಿ ಏನೇನಿದೆಯೋ!

ಕಾಕಾ ಕೂಡ ‘ಮಾರೂದಿಲ್ಲ’ ಎನ್ನುವವರೇ. ಹಾಡಿದವರ ಹಕ್ಕಿನ ಪ್ರಶ್ನೆಯೂ ಇದರಲ್ಲಿದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಕಲಾವಿದರಿಗೆ ತಮ್ಮ ಕಛೇರಿಯ ಮೇಲೆ 50 ವರ್ಷದ ಹಕ್ಕು ಕೊಡುತ್ತದೆ. ಹಾಗಾಗಿ ನಾನು ಯಾವುದನ್ನೂ ಎಲ್ಲೂ ಹಾಕಿಲ್ಲ. ಟೇಪು ಕೊಟ್ಟವರಿಗೆ ಅದರದೇ ಕಾಪಿ ಮಾಡಿ ಮರಳಿಸುತ್ತೇನೆ. ಕಲಾವಿದರ ಮನೆಯವರು ಕೇಳಿದರೆ ಅವರಿಗೆ ಮೊದಲು.

ಆರು ನಿಮಿಷದೊಳಗೆ

ಅಳಿಸಿದ್ದನ್ನು ಮರಳಿ ತೆಗೆಯಲು ಬರುತ್ತದೆಯೇ ಎಂದು ತಿಳಿದವರನ್ನು ಕೇಳಿದೆ. ಬರುವುದಿಲ್ಲ. ರೆಕಾರ್ಡ್ ಮಾಡುವಾಗ ಟೇಪು ಮೊದಲು ಅಳಿಸುವ ಹೆಡ್ಡಿನ ಮುಂದೆ ಹಾದು, ಖಾಲಿಯಾಗಿ, ಆಮೇಲೆ ಹೊಸ ಸದ್ದು ಹಿಡಿಯುತ್ತದೆ. ಆರು ನಿಮಿಷ ಅಂದರೆ ಸುಮಾರು 17 ಮೀಟರ್ ಟೇಪು. ಚಂದ್ರನ ಮೇಲೆ ಮನುಷ್ಯ ಇಳಿದ ದೃಶ್ಯದ ಮೂಲ ಟೇಪುಗಳನ್ನೇ ಮರುಬಳಕೆಗೆಂದು ಅಳಿಸಿರಬೇಕು ಎಂದು ನಾಸಾ 2009ರಲ್ಲಿ ಒಪ್ಪಿಕೊಂಡಿತ್ತಂತೆ. ಅದೂ ನನ್ನ ಗುಟ್ಟು ಬಯಲಾದ ವರ್ಷವೇ. ಸ್ವಲ್ಪ ಸಮಾಧಾನವಾಯಿತು ಅನ್ನಿ.

ಆ ಕ್ಯಾಸೆಟ್ಟನ್ನು ಎಲ್ಲಕ್ಕಿಂತ ಕೊನೆಗೆ ಇಳಿಸಿದೆ. ಸಿನಿಮಾ ಹಾಡು ಬಂದಾಗ ನಾಚಿಕೆಯಿಂದ ಹೆಡ್‌ಫೋನ್ ತೆಗೆಯುವವಳಿದ್ದೆ. ತೆಗೆಯಲಿಲ್ಲ. ಹಾಡಿನ ಸಂದಿಯಲ್ಲಿ, ಒಳಮನೆಯಿಂದ, ಸಣ್ಣಗೆ ಒಂದು ದನಿ: ‘ಟೀವಿ ಸಣ್ಣ ಮಾಡ್ರವಾ.’ ಸ್ವಲ್ಪ ತಡೆದು, ‘ಒಂದೀಟು ಚಹಾ ಕುಡೀತಿಯೇನ?’

ಅಜ್ಜ. ಆಯಿಗೆ ಕೇಳುತ್ತಿದ್ದಾನೆ.

ಉಳಿದ 70 ಕ್ಯಾಸೆಟ್ಟುಗಳಲ್ಲಿ ಎಲ್ಲೂ ಅವನ ದನಿ ಇಲ್ಲ. ಇರುವುದು ಹೇಗೆ? ಮೈಕು ಹಿಡಿದವನು ಉಸಿರು ಬಿಗಿಹಿಡಿದು ಕೂತಿರುತ್ತಾನೆ. ನಮ್ಮ ಮನೆಯಲ್ಲಿ ವಿಡಿಯೊ ತೆಗೆಯುವ ರೂಢಿಯೂ ಇರಲಿಲ್ಲ. ಆಯಿಗೆ ಕೇಳಿಸಿದೆ. ಮೊದಲು ಗುರುತು ಸಿಗಲಿಲ್ಲ. ಆಮೇಲೆ, ‘ಇನ್ನೊಮ್ಮೆ ಹಚ್ಚು’ ಎಂದಳು. ಮೂರು ಸಲ ಕೇಳಿ, ‘ಆವತ್ತ ಚಹಾ ಮಾಡಿದ್ದು ನಾನ’ ಎಂದು ಒಳಗೆ ಹೋದಳು.

ಇದರಿಂದ ನನ್ನ ತಪ್ಪು ಕಡಿಮೆಯಾಯಿತು ಎಂದು ನಾನು ಅಂದುಕೊಂಡಿಲ್ಲ. ಆ ನಸುಕಿನ ಭೈರವ ಇಡೀ ಊರಿನದು, ಚಹಾದ ಮಾತು ನಮ್ಮ ಮನೆಯದು. ಆದರೆ ಯಾವುದು ಬೆಲೆಯುಳ್ಳದ್ದು ಎಂದು ಅಳಿಸುವವರಿಗೆ ಆ ಹೊತ್ತಿಗೆ ಗೊತ್ತಿರುವುದಿಲ್ಲ. ನನಗೆ ಹತ್ತು ವರ್ಷವಿದ್ದಾಗ ಗೊತ್ತಿರಲಿಲ್ಲ. ಅಟ್ಟ ಸ್ವಚ್ಛ ಮಾಡಿ ಕ್ಯಾಸೆಟ್ಟುಗಳನ್ನು ರದ್ದಿಯವನಿಗೆ ಹಾಕುವ ನಮ್ಮ ವಯಸ್ಸಿನವರಿಗೂ ಗೊತ್ತಿರಲಿಕ್ಕಿಲ್ಲ.

ಅದಕ್ಕೇ ಒಂದು ಮಾತು. ನಿಮ್ಮ ಮನೆಯಲ್ಲೂ ಅಂಥ ಟ್ರಂಕು, ಬೂಟಿನ ಡಬ್ಬಿ ಇದ್ದರೆ ಎಸೆಯಬೇಡಿ. ಬೂಸು ಹಿಡಿದದ್ದನ್ನು ಅವಸರಕ್ಕೆ ಹಚ್ಚಬೇಡಿ, ಟೇಪು ಹರಿಯುತ್ತದೆ, ಡೆಕ್ಕೂ ಕೆಡುತ್ತದೆ. ತಿಳಿದವರಿಗೆ ತೋರಿಸಿ. ಇಳಿಸಿಕೊಂಡ ಮೇಲೆ ಎರಡು ಕಡೆ ಇಡಿ. ಹಿರಿಯರು ಇರುವಾಗಲೇ ಯಾರು, ಎಲ್ಲಿ, ಯಾವ ವರ್ಷ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಜ್ಜ ವರ್ಷ ಒಂದನ್ನು ಬರೆದಿದ್ದರೆ ನಮ್ಮ ಅರ್ಧ ತಿರುಗಾಟ ಉಳಿಯುತ್ತಿತ್ತು.

ಹಾಗೆಯೇ ಕೇಳುವಾಗ ಕುಂದಗೋಳದ ನಸುಕಿನ ಭೈರವ ಸಿಕ್ಕಿ, ಅದರ ನಡುವೆ ಸ್ಟೀಲ್ ಲೋಟವೊಂದು ಬಿದ್ದು ಮಗು ಅತ್ತರೆ, ದಯವಿಟ್ಟು ಬಂದ್ ಮಾಡಬೇಡಿ. ಮುಂದಿನ ಆರು ನಿಮಿಷಕ್ಕೆ ಧಾರವಾಡದಲ್ಲಿ ಇಬ್ಬರು ಕಾಯುತ್ತಿದ್ದಾರೆ.